ಎಕ್ಸೆಲ್ ಮುಂದೆ ಹೋಗಲಿ

ಸೆಮಿಸ್ಟರ್ ಪರೀಕ್ಷೆಯ ಕೊನೆಯ ಪೇಪರ್ ಮುಗಿದ ಸಂಜೆ ನಮ್ಮ ವಾಟ್ಸಾಪ್ ಗ್ರೂಪಿಗೆ ಬರುವ ಮೊದಲ ಮೆಸೇಜು "ಪೇಪರ್ ಹೆಂಗಿತ್ತು?" ಅಂತ ಅಲ್ಲ. "ಗಾಡಿ ಸಿಗುತ್ತಾ?" ಅಂತ.

ಯಾಕಂದ್ರೆ ನಮ್ಮಲ್ಲಿ ಯಾರಿಗೂ ಸ್ವಂತ ಗಾಡಿ ಇಲ್ಲ. ಆರ್‌ಸಿ ಪುಸ್ತಕದಲ್ಲಿರೋದು ಅಪ್ಪನ ಹೆಸರು, ಅಮ್ಮನ ಹೆಸರು, ಮಾವನ ಹೆಸರು, ಅಣ್ಣನ ಹೆಸರು. ಒಬ್ಬನದಂತೂ ಅಜ್ಜನ ಹೆಸರು. ನಾವು ಆರು ಜನ. ಕಡೂರಿನ ಕಡೆಯವರು ಮೂರು, ತರೀಕೆರೆಯವರು ಇಬ್ಬರು, ಅಜ್ಜಂಪುರದ ಹತ್ತಿರದ ಹಳ್ಳಿಯವನು ಒಬ್ಬ. ಕಾಲೇಜು, ಹಾಸ್ಟೆಲ್ಲು ಒಂದೇ ಆದರೂ ರಜೆಯಲ್ಲಿ ಮೂರು ದಿಕ್ಕಿಗೆ ಚದುರಿ ಹೋಗ್ತೀವಿ. ಮತ್ತೆ ಸೇರಬೇಕು ಅಂದ್ರೆ ಗಾಡಿ ಬೇಕು. ಹಾಗಾಗಿ ರಜೆಯ ಎರಡನೇ ಭಾನುವಾರ ರೈಡ್ ಅನ್ನೋದು ಮೊದಲ ವರ್ಷದಿಂದ ನಡೆದುಕೊಂಡು ಬಂದ ಪದ್ಧತಿ.

ನಮ್ಮೊಳಗೆ ಹೆಸರು ಹಿಡಿದು ಕರೆಯೋದು ಕಮ್ಮಿ. ಗಾಡಿಯೇ ಹೆಸರು. ಬುಲೆಟ್, ಪಲ್ಸರ್, ಸ್ಪ್ಲೆಂಡರ್, ಯೆಜ್ಡಿ, ಆಕ್ಟಿವಾ, ಎಕ್ಸೆಲ್. ಆಕ್ಟಿವಾ ನಮ್ಮ ಗುಂಪಿನ ಒಬ್ಬಳೇ ಹುಡುಗಿ, ಗುಂಪಿನಲ್ಲಿ ಬುದ್ಧಿ ಇರುವವಳೂ ಅವಳೊಬ್ಬಳೇ. ಎಕ್ಸೆಲ್ ಅಂದ್ರೆ ನೂರು ಸಿಸಿ ಮೊಪೆಡ್. ಹಿಂದೆ ಹಾಲಿನ ಕ್ಯಾನ್ ಕಟ್ಟೋಕೆ ಕಬ್ಬಿಣದ ಕೊಕ್ಕೆ ಬೆಸೆಸಿದ್ದಾರೆ, ಮುಂದೆ ಹಿಂಡಿ ಮೂಟೆ ಇಡೋಕೆ ಜಾಗ. ಅದು ಅವರಪ್ಪನ ದುಡಿಮೆಯ ಗಾಡಿ. ಬೆಳಗ್ಗೆ ಆರೂವರೆಗೆ, ಸಂಜೆ ಐದೂವರೆಗೆ ಅದು ಹಾಲಿನ ಡೇರಿ ಮುಂದೆ ಇರಲೇಬೇಕು. ನಡುವಿನ ಹೊತ್ತು ಮಾತ್ರ ಮಗನದು.

ಈ ಬರಹ ಕಳೆದ ಎರಡು ರೈಡ್‌ಗಳ ಬಗ್ಗೆ. ಜನವರಿಯದು ಒಂದು, ಫೆಬ್ರುವರಿಯದು ಇನ್ನೊಂದು.

ಜನವರಿಯಲ್ಲಿ ಸೇರುವ ಜಾಗ ಅಜ್ಜಂಪುರ ಅಂತ ಆಯ್ತು. ಕಡೂರಿನವರು ಬಿ.ಎಚ್. ರಸ್ತೆ ಹಿಡಿದು ಬೀರೂರಿಗೆ ಬಂದು ಅಲ್ಲಿಂದ ಅಜ್ಜಂಪುರದ ಕಡೆ ತಿರುಗಿದರು. ತರೀಕೆರೆಯವರು ಆ ಕಡೆಯಿಂದ ಬಂದರು. ಹೋಟೆಲಿನಲ್ಲಿ ಪಡ್ಡು, ಚಟ್ನಿ, ಎರಡು ಸುತ್ತು ಕಾಫಿ. ಆಮೇಲೆ ರಸ್ತೆ ಬದಿ ಆರೂ ಗಾಡಿ ಸಾಲಾಗಿ ನಿಲ್ಲಿಸಿ ಒಂದು ಫೋಟೋ. ಎಕ್ಸೆಲ್ ಅನ್ನು ಕೊನೆಗೆ ನಿಲ್ಲಿಸಿದೆವು. ಯಾರೂ ಹಾಗೆ ಹೇಳಲಿಲ್ಲ. ಹೇಳದೇ ಎಲ್ಲರಿಗೂ ಗೊತ್ತಿತ್ತು, ಅವನಿಗೂ.

ಅಲ್ಲಿಂದ ಅಮೃತಾಪುರಕ್ಕೆ ಹೊರಟೆವು. "ನೀನು ಹಿಂದೆ ಬಾ, ನಾವು ಕಾಯ್ತೀವಿ" ಅಂತ ಎಕ್ಸೆಲ್‌ಗೆ ಹೇಳಿದೆವು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ರಸ್ತೆ ಖಾಲಿ ಇತ್ತು. ಚಳಿಗಾಲದ ಬಿಸಿಲು, ಹೊಲದಲ್ಲಿ ಈರುಳ್ಳಿ. ಬುಲೆಟ್ ಮುಂದೆ, ಹಿಂದೆ ಪಲ್ಸರ್, ಒಬ್ಬರನ್ನೊಬ್ಬರು ಹಿಂದೆ ಹಾಕೋ ಆಟ. ತರೀಕೆರೆ ಕಡೆ ಬರ್ತಾ ಬರ್ತಾ ಅಡಿಕೆ ತೋಟ ಶುರುವಾಗಿ ಗಾಳಿ ತಣ್ಣಗಾಯ್ತು. ಅಮೃತೇಶ್ವರ ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದಾಗ ಆಕ್ಟಿವಾ ಕೇಳಿದಳು, "ಎಕ್ಸೆಲ್ ಎಲ್ಲಿ?"

"ಬರ್ತಾನೆ ಬಿಡು" ಅಂದೆವು.

ಆ ದೇವಸ್ಥಾನ ಕಟ್ಟಿದ್ದು 1196ರಲ್ಲಿ, ಹೊಯ್ಸಳ ಎರಡನೇ ವೀರಬಲ್ಲಾಳನ ಕಾಲದಲ್ಲಿ. ಕಟ್ಟಿಸಿದವನು ಅವನ ದಂಡನಾಯಕ ಅಮೃತ. ಊರಿಗೂ ದೇವರಿಗೂ ಅವನದೇ ಹೆಸರು. ಅಲ್ಲಿನ ಶಾಸನದ ಪದ್ಯಗಳನ್ನು ಬರೆದವನು ಕವಿ ಜನ್ನ. ಪಿಯುಸಿಯಲ್ಲಿ ಜನ್ನನ ಹೆಸರು ಬಾಯಿಪಾಠ ಮಾಡಿದವರು ನಾವು. ಅವನ ಅಕ್ಷರಗಳಿರುವ ಕಲ್ಲಿನ ಪಕ್ಕ ನಿಂತು ಬುಲೆಟ್ಟಿನ ಮೈಲೇಜ್ ಬಗ್ಗೆ ಜಗಳ ಆಡಿದೆವು. ಒಂದು ವಿಡಿಯೋ ಮಾಡಿ, ಐದು ಗಾಡಿ ತೋರಿಸಿ, ಕೆಳಗೆ "ಗ್ಯಾಂಗ್ ಫುಲ್" ಅಂತ ಹಾಕಿ ಸ್ಟೇಟಸ್ಸಿಗೆ ಏರಿಸಿದೆವು.

ಹೊರಟ ಸ್ವಲ್ಪ ಹೊತ್ತಿಗೇ ಎಕ್ಸೆಲ್‌ನ ಹಿಂದಿನ ಚಕ್ರ ಪಂಕ್ಚರ್ ಆಗಿತ್ತು. ನಮಗೆ ಒಟ್ಟು 11 ಸಲ ಫೋನ್ ಮಾಡಿದ್ದ. ಗಾಡಿ ಓಡಿಸುವಾಗ ಬಂದ ಕರೆಗಳು ಜೇಬಿನಲ್ಲಿ ಗೊತ್ತಾಗಲಿಲ್ಲ, ಅದು ನಿಜ. ಆದರೆ ದೇವಸ್ಥಾನದ ಹುಲ್ಲಿನ ಮೇಲೆ ಕೂತಿದ್ದಾಗ ಬಂದ ಒಂದು ಕರೆಯನ್ನು ನಮ್ಮಲ್ಲೊಬ್ಬರು ನೋಡಿದ್ದರು. ನೋಡಿ, "ದಾರಿ ಕೇಳೋಕೆ ಮಾಡಿರ್ತಾನೆ, ಬಂದು ಸೇರ್ತಾನೆ" ಅಂದುಕೊಂಡು ಫೋನನ್ನು ಬೋರಲಾಗಿ ಇಟ್ಟರು. ಯಾರು ಅಂತ ಇಲ್ಲಿ ಬರೆಯೋದಿಲ್ಲ. "ನಾವು" ಅಂತ ಬರೆಯೋದರಲ್ಲಿ ಇದೊಂದು ಅನುಕೂಲ ಇದೆ. ಆದರೆ ಉಳಿದವರು ನೋಡಿದ್ದರೂ ಅದನ್ನೇ ಮಾಡುತ್ತಿದ್ದರು ಅಂತ ಆಮೇಲೆ ಒಬ್ಬೊಬ್ಬರಾಗಿ ಒಪ್ಪಿಕೊಂಡೆವು. ಅದಕ್ಕೇ ಇದನ್ನು "ನಾವು" ಅಂತಲೇ ಬರೆಯಬೇಕು.

ನಾವು ತಿರುಗಿ ಫೋನ್ ಮಾಡುವ ಹೊತ್ತಿಗೆ ಅವನ ಫೋನ್ ಸ್ವಿಚ್ ಆಫ್. "ಮನೆಗೆ ಹೋಗಿರ್ತಾನೆ, ಹಾಲಿನ ಟೈಮ್ ಅಲ್ವಾ" ಅಂತ ನಾವೇ ಉತ್ತರ ಹೇಳಿಕೊಂಡು ತರೀಕೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಅವರವರ ಮನೆ ಸೇರಿದೆವು.

ಅವನು ಮನೆಗೆ ಹೋಗಿರಲಿಲ್ಲ. ರಸ್ತೆ ಬದಿಯ ಹುಣಸೆ ಮರದ ಕೆಳಗೆ ಎರಡು ಮುಕ್ಕಾಲು ಗಂಟೆ ಕೂತಿದ್ದ. ಯಾಕೆ ಅಷ್ಟು ಹೊತ್ತು ಕೂತೆ ಅಂತ ಆಮೇಲೆ ಕೇಳಿದಾಗ, "ಕಾಯ್ತೀವಿ ಅಂದಿದ್ರಲ್ಲ. ನಾನು ಬರದೇ ಇದ್ರೆ ವಾಪಸ್ ನೋಡೋಕೆ ಬರ್ತೀರಿ ಅಂದ್ಕೊಂಡೆ" ಅಂದ. ಕೊನೆಗೆ ಈರುಳ್ಳಿ ಮೂಟೆ ಹಾಕಿಕೊಂಡು ಬರುತ್ತಿದ್ದ ಲಗೇಜ್ ಆಟೋದವರೊಬ್ಬರು ಮೊಪೆಡ್ಡನ್ನೂ ಅವನನ್ನೂ ಹತ್ತಿಸಿಕೊಂಡು ಅಜ್ಜಂಪುರಕ್ಕೆ ತಂದು ಬಿಟ್ಟರು. ಭಾನುವಾರ. ಪಂಕ್ಚರ್ ಹಾಕುವವರನ್ನು ಮನೆಯಿಂದ ಕರೆದು ತರಬೇಕಾಯ್ತು. ಅವನು ಊರು ಸೇರಿದಾಗ ಏಳು ಗಂಟೆ.

ಅಷ್ಟರಲ್ಲಿ ಅವರಪ್ಪ ಕಾದು ಕಾದು ಕ್ಯಾನ್‌ಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ತಳ್ಳಿಕೊಂಡು ಹೋಗಿದ್ದರು. ತಲುಪುವಷ್ಟರಲ್ಲಿ ಡೇರಿ ಬಾಗಿಲು ಹಾಕಿತ್ತು. 14 ಲೀಟರ್ ಹಾಲು ವಾಪಸ್ ಬಂತು. ಅದರ ದುಡ್ಡು ಬುಲೆಟ್ಟಿನ ಒಂದು ಟ್ಯಾಂಕ್ ಪೆಟ್ರೋಲಿಗೆ ಸಾಲದು. ಆದರೆ ಆ ಮನೆಯಲ್ಲಿ ಅವನ ಕಾಲೇಜಿನ ಬಸ್ ಪಾಸು, ಹಾಸ್ಟೆಲ್ ಮೆಸ್ಸಿನ ಬಿಲ್ಲು ಎಲ್ಲಾ ಲೆಕ್ಕ ನಡೆಯೋದು ಆ ಕ್ಯಾನ್‌ನಿಂದಲೇ.

ಇದ್ಯಾವುದನ್ನೂ ಅವನು ನಮಗೆ ಹೇಳಲಿಲ್ಲ. ರಾತ್ರಿ ಫೋನ್ ಚಾರ್ಜ್ ಆದ ಮೇಲೆ ನಮ್ಮ "ಗ್ಯಾಂಗ್ ಫುಲ್" ವಿಡಿಯೋಗೆ ಲೈಕ್ ಒತ್ತಿದ್ದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ವಿಷಯ ನಮಗೆ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು, ಅವನ ತಂಗಿಯಿಂದ, ಅದೂ ಆಕ್ಟಿವಾ ಫೋನ್ ಮಾಡಿ ಕೇಳಿದ್ದಕ್ಕೆ.

ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ವಾ, ತಪ್ಪಾದ ಮೇಲೆ ಲೆಕ್ಕ ಮಾಡೋದು ನಮಗೆ ಚೆನ್ನಾಗಿ ಬರುತ್ತೆ. ಸಾಲಾಗಿ ಹೋಗುವ ಗಾಡಿಗಳಲ್ಲಿ ಕೊನೆಯವನೇ ಯಾಕೆ ಹಿಂದೆ ಬೀಳ್ತಾನೆ ಅಂತ ಸ್ಪ್ಲೆಂಡರ್ ಪೇಪರ್ ಮೇಲೆ ಬರೆದು ತೋರಿಸಿದ. ಒಂದು ಹಂಪ್ ಬಂತು ಅಂದುಕೊಳ್ಳಿ. ಮುಂದಿನವನು ಮೊದಲು ದಾಟಿ ಮೊದಲು ವೇಗ ಏರಿಸ್ತಾನೆ. ಕೊನೆಯವನು ದಾಟೋದು 30 ಸೆಕೆಂಡ್ ಆದ ಮೇಲೆ. 60ರ ವೇಗ ಅಂದ್ರೆ ನಿಮಿಷಕ್ಕೆ ಒಂದು ಕಿಲೋಮೀಟರ್, ಅಂದ್ರೆ ಅಷ್ಟರಲ್ಲಿ ಅರ್ಧ ಕಿಲೋಮೀಟರ್ ಅಂತರ. ಇದನ್ನು ಮುಚ್ಚಬೇಕು ಅಂದ್ರೆ ಕೊನೆಯವನು 70ರಲ್ಲಿ ಮೂರು ನಿಮಿಷ ಓಡಿಸಬೇಕು. ಮೂರು ನಿಮಿಷ ಆಗುವ ಮುಂಚೆ ಇನ್ನೊಂದು ಹಂಪ್ ಬರುತ್ತೆ, ನಮ್ಮ ರಸ್ತೆಗಳಲ್ಲಿ ಅದಕ್ಕೇನು ಕೊರತೆ! ಮುಂದಿನವನು ಆರಾಮಾಗಿ ಹೋಗ್ತಿದೀನಿ ಅಂದ್ಕೊಳ್ತಾನೆ, ಹಿಂದಿನವನು ಇಡೀ ದಾರಿ ಓಡ್ತಾನೇ ಇರ್ತಾನೆ. ಎಕ್ಸೆಲ್‌ನಂಥ ಗಾಡಿಗೆ 70 ಅನ್ನೋದೇ ಇಲ್ಲ. ಅಂದ್ರೆ ಅವನನ್ನು ಕೊನೆಗೆ ಹಾಕಿದ ಗಳಿಗೆಯಲ್ಲೇ ಅವನು ನಮ್ಮ ಜೊತೆ ಇರಲಿಲ್ಲ.

ಬೇರೆಯವರು ಹೇಗೆ ಮಾಡ್ತಾರೆ ಅಂತಲೂ ಹುಡುಕಿದೆವು. ಭಾನುವಾರ ಬೆಳಗ್ಗೆ ಕಡೂರಿನ ಮೇಲೆ ಚಿಕ್ಕಮಗಳೂರಿಗೆ ಹೋಗುವ ದೊಡ್ಡ ಬೈಕಿನ ಗುಂಪುಗಳಲ್ಲಿ ದಾರಿ ತೋರುವವನು ಒಬ್ಬ ಮುಂದೆ, ಯಾರನ್ನೂ ಹಿಂದೆ ಬಿಡದವನು ಒಬ್ಬ ಕಟ್ಟಕಡೆಗೆ ಇರ್ತಾನೆ. ಇಬ್ಬರೂ ಅನುಭವಸ್ಥರು. ಪರದೇಶಗಳಲ್ಲಿ ಸ್ವಂತ ಮೋಟಾರು ಯಾಟ್ ಇರುವ ಸಿರಿವಂತರೂ ಹೀಗೇ ಗುಂಪು ಕಟ್ಟಿಕೊಂಡು ಕಡಲ ಮೇಲೆ ಜೊತೆಯಾಗಿ ಹೋಗ್ತಾರೆ, ಸಂಜೆ ಒಂದೇ ಬಂದರಿನಲ್ಲಿ ಕಟ್ಟಿ ಊಟ ಮಾಡ್ತಾರೆ. ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಸರಕು ಹಡಗುಗಳ ಸಾಲಿಗೆ ವೇಗ ಗೊತ್ತುಮಾಡುತ್ತಿದ್ದದ್ದು ಆ ಸಾಲಿನ ಅತಿ ನಿಧಾನದ ಹಡಗು. ಹಿಂದೆ ಬಿದ್ದ ಹಡಗು ಜಲಾಂತರ್ಗಾಮಿಗೆ ಸುಲಭದ ಬೇಟೆ. ಬಿ.ಎಚ್. ರಸ್ತೆಯಿಂದ ಅಟ್ಲಾಂಟಿಕ್‌ವರೆಗೆ ಹುಡುಕಿದ ನಮಗೆ ಬೇಕಾಗಿದ್ದ ಉತ್ತರ ಸಿಕ್ಕಿದ್ದು ಮಾತ್ರ ಯೆಜ್ಡಿಯ ಮನೆ ಜಗಲಿ ಮೇಲೆ.

ಯೆಜ್ಡಿಯ ಅಜ್ಜ ಕಡೂರಿನ ಹತ್ತಿರದ ಹಳ್ಳಿಯಲ್ಲಿ ಇದ್ದಾರೆ. ಆ ಗಾಡಿ ಅವರದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಜಾವಾ ಅಂತ ಶುರುವಾಗಿ, 1973ರಿಂದ ಯೆಜ್ಡಿ ಅಂತ ಹೆಸರಾಗಿ, 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಕಿಕ್ ಹೊಡೆಯೋ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಕಡ್ಡಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಬೆಂಗಳೂರಿನಲ್ಲಿ ಇದರ ಮಾಲೀಕರೆಲ್ಲ ಸೇರ್ತಾರೆ. ಅಜ್ಜ ಅಂಥದ್ದಕ್ಕೆಲ್ಲ ಹೋದವರಲ್ಲ. "ನಮ್ಮದು ಅಂತರಘಟ್ಟೆ ಕಣ್ರೋ" ಅಂದರು.

ಅಂತರಘಟ್ಟೆ ಅಜ್ಜಂಪುರ ಸೀಮೆಯ ಊರು. ಫೆಬ್ರುವರಿ ಹೊತ್ತಿಗೆ ಅಲ್ಲಿ ದುರ್ಗಾಂಬೆಯ ಜಾತ್ರೆ. ಸುತ್ತಲಿನ ಹಳ್ಳಿಗಳ ರೈತರು ಇವತ್ತಿಗೂ ಎತ್ತಿನ ಗಾಡಿ ಸಿಂಗರಿಸಿಕೊಂಡು ಹೋಗ್ತಾರೆ. ಪಾನಕದ ಗಾಡಿ ಅಂತ ಕರೀತಾರೆ. ಅಜ್ಜನ ಹರೆಯದಲ್ಲಿ ಅವರ ಊರಿಂದ ಹತ್ತು ಹನ್ನೆರಡು ಗಾಡಿ ಒಟ್ಟಿಗೆ ಹೊರಡುತ್ತಿದ್ದವಂತೆ. ರಾತ್ರಿ ಪಯಣ. ಗಾಡಿ ಕೆಳಗೆ ಲಾಟೀನು, ಮೇಲೆ ಹುಲ್ಲು, ಹುರುಳಿ, ಬುತ್ತಿ, ಮಕ್ಕಳು.

"ಯಾವ ಗಾಡಿ ಮುಂದೆ ಹೋಗ್ತಿತ್ತು ತಾತ?" ಅಂತ ಕೇಳಿದೆವು.

"ಮುದಿ ಎತ್ತಿನ ಗಾಡಿ."

ನಾವು ಮುಖ ಮುಖ ನೋಡಿಕೊಂಡೆವು.

"ಇನ್ನೇನು ಮತ್ತೆ? ಜೋರಾದ ಎತ್ತು ಮುಂದಿದ್ರೆ ಬೆಳಕಾಗೋ ಹೊತ್ತಿಗೆ ಅವನೊಬ್ನೇ ಅಂತರಘಟ್ಟೇಲಿ ಇರ್ತಾನೆ. ಹನ್ನೆರಡು ಗಾಡಿ ಹನ್ನೆರಡು ಕಡೆ. ಮುದಿ ಎತ್ತು ಮುಂದೆ, ಹೋರಿ ಕಟ್ಟಿದ ಗಾಡಿ ಕಡೇಲಿ. ಗಟ್ಟಿ ಆಳೂ ಕಡೇಲೇ. ಯಾಕೆ ಹೇಳ್ರಿ ನೋಡೋಣ? ಓದಿದೋರು."

ನಮಗೆ ಹೊಳೆಯಲಿಲ್ಲ.

"ಕಡಾಣಿ ಬಿದ್ದೋದ್ರೆ ಕಾಣೋದು ಹಿಂದಿರೋನಿಗೆ. ಮುಂದಿರೋನಿಗೆ ಅಲ್ಲ."

ಕಡಾಣಿ ಅಂದ್ರೆ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕೀಲು. ಅದು ಬಿದ್ದರೆ ಸ್ವಲ್ಪ ದೂರದಲ್ಲೇ ಚಕ್ರ ಹೊರಗೆ ಬರುತ್ತೆ. ಗಾಡಿಯ ಒಳಗೆ ಕೂತವನಿಗೆ ಅದು ಗೊತ್ತಾಗೋದು ಕೊನೆಗೆ. ಹಿಂದೆ ಬರುವವನಿಗೆ ಲಾಟೀನಿನ ಬೆಳಕಿನಲ್ಲಿ ಮೊದಲೇ ಕಾಣುತ್ತೆ. ಅದಕ್ಕೇ ತೊಂದರೆ ಆಗಬಹುದಾದ ಗಾಡಿಯ ಹಿಂದೆ ಯಾವಾಗಲೂ ಇನ್ನೊಂದು ಗಾಡಿ ಇರಬೇಕು. ನಮ್ಮ ಎಕ್ಸೆಲ್ ಹಿಂದೆ ಏನಿತ್ತು? ಖಾಲಿ ರಸ್ತೆ.

ಅಜ್ಜ ಎಲ್ಲವನ್ನೂ ಚಂದ ಮಾಡಿ ಹೇಳುವವರಲ್ಲ. ಜಾತ್ರೆ ಹತ್ತಿರ ಬಂದ ಮೇಲೆ ಹುಡುಗರು ಸಾಲು ಬಿಟ್ಟು ಗಾಡಿ ಓಡಿಸುತ್ತಿದ್ದರು, ಬಿದ್ದವರೂ ಇದ್ದಾರೆ ಅಂತಲೂ ಹೇಳಿದರು. ಈಗಲೂ ಪೇಪರಿನಲ್ಲಿ ಅಲ್ಲಿ ಗಾಡಿ ಪಲ್ಟಿಯಾಗಿ ಪೆಟ್ಟಾದ ಸುದ್ದಿ ಓದ್ತೀವಿ. "ಓಡೋದು ಎತ್ತಿಗೆ ಯಾರೂ ಹೇಳಿಕೊಡಬೇಕಾಗಿಲ್ಲ" ಅಂದರು. ಆಮೇಲೆ ಮೊಮ್ಮಗನ ಕಡೆ ನೋಡಿ, "ಆ ಹಾಲಿನ ಹುಡುಗನ ಮನೆಗೆ ಹೋಗಿದ್ರೇನೋ?" ಅಂತ ಕೇಳಿದರು.

ಹೋಗಿರಲಿಲ್ಲ. ಲೆಕ್ಕ ಮಾಡಿದ್ದೆವು, ಹುಡುಕಿದ್ದೆವು, ಗ್ರೂಪಿನಲ್ಲಿ "ಸಾರಿ ಮಗಾ" ಅಂತ ಐದು ಮೆಸೇಜು ಹಾಕಿದ್ದೆವು. ಮನೆಗೆ ಹೋಗಿರಲಿಲ್ಲ.

ಮುಂದಿನ ಶನಿವಾರ ಬಸ್ಸಿನಲ್ಲಿ ಹೋದೆವು, ಗಾಡಿ ಬೇಡ ಅಂತ. ಅವರಪ್ಪ ಕೊಟ್ಟಿಗೆಯಲ್ಲಿದ್ದರು. ಏನು ಹೇಳಬೇಕು ಅಂತ ಬಸ್ಸಿನಲ್ಲಿ ತಯಾರಿ ಮಾಡಿಕೊಂಡದ್ದು ಒಬ್ಬರ ಬಾಯಲ್ಲೂ ಬರಲಿಲ್ಲ. ಆಕ್ಟಿವಾ ಒಬ್ಬಳೇ, "ಅಂಕಲ್, ಅವತ್ತು ನಮ್ಮದೇ ತಪ್ಪು" ಅಂದಳು. ಅವರು ಕೈ ತೊಳೆದುಕೊಂಡು ಬಂದು ಎಲ್ಲರಿಗೂ ಮಜ್ಜಿಗೆ ಕೊಡಿಸಿ, "ಹಾಲು ಹೋದ್ರೆ ಹೋಗ್ಲಿ ಬಿಡ್ರಪ್ಪ, ಹಸು ನಾಳೆನೂ ಕರೆಯುತ್ತೆ. ಆ ಹುಡುಗ ಅಷ್ಟೊತ್ತು ದಾರೀಲಿ ಕೂತಿದ್ನಲ್ಲ, ಅದೊಂದು ನಂಗೆ ಬೇಜಾರಾಯ್ತು" ಅಂದರು. ಎಕ್ಸೆಲ್ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದ. ನಾವೂ ನೆಲವನ್ನೇ ನೋಡಿದೆವು. ಮಜ್ಜಿಗೆಗೆ ಉಪ್ಪು ಜಾಸ್ತಿ ಆಗಿತ್ತು, ಎಲ್ಲರೂ ಪೂರ್ತಿ ಕುಡಿದೆವು.

ಹೊರಡುವಾಗ ಬುಲೆಟ್, "ಅಂತರಘಟ್ಟೆ ಜಾತ್ರೆಗೆ ಹೋಗೋಣ ಕಣೋ, ಬಾ" ಅಂದ. ಎಕ್ಸೆಲ್ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾನು ಮುಂದೆ ಇರ್ತೀನಿ. ಸಂಜೆ ನಾಲ್ಕಕ್ಕೆ ಊರಲ್ಲಿರಬೇಕು" ಅಂದ. ಅಷ್ಟೇ ಷರತ್ತು.

ಜಾತ್ರೆಯ ದಿನ ಎಕ್ಸೆಲ್ ಮುಂದೆ, ಆಮೇಲೆ ಆಕ್ಟಿವಾ, ಸ್ಪ್ಲೆಂಡರ್, ಯೆಜ್ಡಿ, ಪಲ್ಸರ್. ಕಟ್ಟಕಡೆಗೆ ಬುಲೆಟ್. ವೇಗ 40. ಮೊದಲ ಹತ್ತು ನಿಮಿಷ ಬುಲೆಟ್ ಹಿಂದಿನಿಂದ ಹಾರ್ನ್ ಹೊಡೆದು ಗೋಳಾಡಿದ. ಆಮೇಲೆ ಸುಮ್ಮನಾದ. ಸರದಿ ಬದಲಾದರೆ ಲೆಕ್ಕವೂ ಬದಲಾಗುತ್ತೆ. ಹಂಪ್ ದಾಟಿದ ಮೇಲೆ ಓಡಿ ಬಂದು ಸೇರಿಕೊಳ್ಳುವ ಶಕ್ತಿ ಇರುವವನು ಈಗ ಹಿಂದೆ ಇದ್ದ, ಹಾಗಾಗಿ ಯಾರೂ ಓಡಬೇಕಾಗಲಿಲ್ಲ.

ಅಷ್ಟು ನಿಧಾನದಲ್ಲಿ ನಾವು ಆ ಕಡೆ ಹೋದದ್ದೇ ಇಲ್ಲ. ಅಜ್ಜಂಪುರದ ಅಮೃತ್ ಮಹಲ್ ಹಸುಗಳು ಕಂಡವು, ಬೂದು ಮೈ, ಹಿಂದಕ್ಕೆ ಬಾಗಿ ಚೂಪಾದ ಉದ್ದ ಕೊಂಬು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಆ ದನಗಳ ಇಲಾಖೆಗೆ ಅಮೃತ್ ಮಹಲ್ ಅಂತ ಹೆಸರಿಟ್ಟವನು ಟಿಪ್ಪು ಸುಲ್ತಾನ್. ಫಿರಂಗಿ ಎಳೆಯೋಕೆ, ಸೈನ್ಯದ ಸಾಮಾನು ಹೊರೋಕೆ ಇವನ್ನು ಬಳಸುತ್ತಿದ್ದರು. ವೇಗಕ್ಕೆ ಹೆಸರಾದ ತಳಿ. ಅವತ್ತು ನೆರಳಲ್ಲಿ ನಿಂತು ಮೆಲುಕು ಹಾಕುತ್ತಿದ್ದವು. ಅದರ ಬಗ್ಗೆ ನಮಗೆ ಹೇಳಿದ್ದು ಎಕ್ಸೆಲ್. ನೀರು ಕುಡಿಯೋಕೆ ನಿಲ್ಲಿಸಿದಾಗೆಲ್ಲ ಯಾವ ಹೊಲ ಯಾರದು, ಯಾವ ಕೆರೆಗೆ ಈ ಸಲ ನೀರು ಬಂದಿಲ್ಲ ಅಂತ ಹೇಳ್ತಾ ಹೋದ. ಮೂರು ವರ್ಷದ ರೈಡ್‌ಗಳಲ್ಲಿ ಅವನು ಇಷ್ಟು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಕೇಳೋಕೆ ಅವನು ನಮ್ಮ ಹತ್ತಿರ ಇದ್ದದ್ದೇ ಇಲ್ಲ.

ಅಂತರಘಟ್ಟೆ ಹತ್ತಿರ ಬಂದಾಗ ಎತ್ತಿನ ಗಾಡಿಗಳು ಸಿಕ್ಕವು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಪಟ್ಟಿ, ಧೂಳು, ಕೂಗು. ಗಾಡಿಗಳನ್ನು ಹೆದರಿಸಬಾರದು ಅಂತ ನಾವು ಎಂಜಿನ್ ಆರಿಸಿ ಬೇಲಿ ಪಕ್ಕ ನಿಂತೆವು. ಎಷ್ಟೋ ಗಾಡಿ ದಾಟಿ ಹೋದ ಮೇಲೆ ಕೊನೆಗೆ ಒಂದು ಗಾಡಿ ನಿಧಾನವಾಗಿ ಬಂತು. ಅದರ ಹಿಂದೆ ಯಾವ ಗಾಡಿಯೂ ಇರಲಿಲ್ಲ. ನಡೆಸುತ್ತಿದ್ದ ಮುದುಕರು ನಮ್ಮನ್ನು ನೋಡಿ, "ಮುಂದಿನೋರು ಎಷ್ಟು ದೂರ ಹೋದ್ರು ಮಗಾ?" ಅಂತ ಕೇಳಿದರು. ಎಕ್ಸೆಲ್ಲೇ ಉತ್ತರ ಹೇಳಿದ, "ಇಲ್ಲೇ ಇದಾರೆ ತಾತ, ನಿಧಾನಕ್ಕೆ ಹೋಗಿ." ಅವರು ಎಷ್ಟೋ ದೂರ ಹೋಗಿಯಾಗಿತ್ತು.

ನಾಲ್ಕು ಗಂಟೆಗೆ ಐದು ನಿಮಿಷ ಇರುವಾಗ ಅವನ ಊರು ತಲುಪಿದೆವು. ಯಾರಿಗೂ ಹೊರಡೋ ಮನಸ್ಸಾಗಲಿಲ್ಲ. ಹಾಲು ಕರೆಯೋದು ಮುಗಿಯುವವರೆಗೆ ಕೂತಿದ್ದು, ಎಕ್ಸೆಲ್‌ಗೆ ಕ್ಯಾನ್ ಕಟ್ಟಿ, ಅವನ ಹಿಂದೆ ಐದು ಗಾಡಿ ಸಾಲಾಗಿ ಡೇರಿಗೆ ಹೋದೆವು. ಡೇರಿ ಕಾರ್ಯದರ್ಶಿಗಳು ಕನ್ನಡಕ ಮೇಲೆ ಮಾಡಿ, "ಏನ್ರೋ, ಜಾತ್ರೆ ಇಲ್ಲೂ ಶುರುವಾಯ್ತಾ?" ಅಂದರು. ಎಕ್ಸೆಲ್ ಹಾಲು ಅಳೆಸಿ, ಫ್ಯಾಟ್ ಬರೆಸಿ, ಪುಸ್ತಕ ಜೇಬಿಗೆ ಹಾಕಿಕೊಂಡ. ಅವತ್ತು ನಾವು ಫೋಟೋ ತೆಗೆಯೋದು ಮರೆತೆವು.

ಎಲ್ಲ ಸರಿಹೋಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಈಗಲೂ "ಕಾಯ್ತೀವಿ" ಅನ್ನೋ ಮಾತು ನಮ್ಮ ಬಾಯಿಂದ ಬಂದರೆ ಎಕ್ಸೆಲ್ ನಗ್ತಾನೆ. ಆ ನಗು ನಮಗೆ ಇಷ್ಟ ಆಗೋದಿಲ್ಲ. ಪದೇ ಪದೇ ಕಾಯ್ದು ತೋರಿಸೋದು ಬಿಟ್ಟು ಅದಕ್ಕೆ ಬೇರೆ ದಾರಿ ಇಲ್ಲ.

ಈ ಬರಹವನ್ನು ಪತ್ರಿಕೆಗೆ ಕಳಿಸೋ ಮುಂಚೆ ಅವನಿಗೆ ಓದಲು ಕೊಟ್ಟೆವು. ಮೆಸ್ಸಿನಲ್ಲಿ ಕೂತು ಓದಿದ. ನಾವು ಮೊದಲು ಹುಣಸೆ ಮರದ ಕೆಳಗೆ "ಎರಡು ಗಂಟೆ" ಅಂತ ಬರೆದಿದ್ದೆವು. ಅದನ್ನು ಪೆನ್ನಿನಲ್ಲಿ ಹೊಡೆದು ಹಾಕಿ ಮೇಲೆ "ಎರಡು ಮುಕ್ಕಾಲು" ಅಂತ ಬರೆದ. ಬೇರೆ ಏನನ್ನೂ ತಿದ್ದಲಿಲ್ಲ. ಹಾಳೆ ವಾಪಸ್ ಕೊಡುತ್ತಾ ಕೇಳಿದ, "ಈ ಸಲ ರೈಡ್ ಎಲ್ಲಿಗೆ?"